ಮುಪ್ಪಿನಲ್ಲಿ ಯಜಮಾನಿಕೆ ಯಾರದು? ಆಕ್ಯುಪೇಷನಲ್ ಥೆರಪಿ ವಿದ್ಯಾರ್ಥಿನಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕರಾವಳಿಯ ಒಂದು ಕಾಲೇಜಿನಲ್ಲಿ ಆಕ್ಯುಪೇಷನಲ್ ಥೆರಪಿ ಓದುತ್ತಿದ್ದೇನೆ. ತರಗತಿಗಳು ಮುಗಿದು ಈಗ ಇಂಟರ್ನ್‌ಷಿಪ್ ನಡೆಯುತ್ತಿದೆ, ಅದರಲ್ಲಿ ಹೆಚ್ಚಿನ ಹೊತ್ತು ಅರವತ್ತು ದಾಟಿದವರ ಜೊತೆಯಲ್ಲೇ ಕಳೆಯುತ್ತದೆ. ರೋಗಿಗಳು, ಅವರ ಮಕ್ಕಳು, ಸೊಸೆಯಂದಿರು, ಮದುವೆ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಸಿಕ್ಕ ನೆಂಟರು, ಎಲ್ಲರೂ ಸುತ್ತಿ ಬಳಸಿ ಕೇಳುವುದು ಈ ಪ್ರಶ್ನೆಗಳನ್ನೇ. ಉತ್ತರಗಳಲ್ಲಿ ಪಾಠದಲ್ಲಿ ಕಲಿತದ್ದೂ ಇದೆ, ನನ್ನ ಅಭಿಪ್ರಾಯವೂ ಬೆರೆತಿದೆ. ನಿಮ್ಮ ಮನೆಯ ಹಿರಿಯರಿಗೆ ಯಾವುದು ಹೊಂದುತ್ತದೆ ಎಂಬುದನ್ನು ಮಾತ್ರ ಅವರನ್ನು ಕಣ್ಣಾರೆ ಪರೀಕ್ಷಿಸಿದವರೇ ಹೇಳಬೇಕು.

ನೀವು ಮಾಡುವುದು ಫಿಸಿಯೋಥೆರಪಿಯೇ ತಾನೆ?

ಅಲ್ಲ, ಆದರೆ ಅದಕ್ಕೆ ಹತ್ತಿರದ್ದು. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ಒಬ್ಬ ಅಜ್ಜಿ ಇದ್ದಾರೆ ಎಂದುಕೊಳ್ಳಿ. ಕಾಲಿಗೆ ಬಲ ಬರಿಸುವುದು, ಮತ್ತೆ ನಡಿಗೆ ರೂಢಿ ಮಾಡಿಸುವುದು ಫಿಸಿಯೋಥೆರಪಿಯವರ ಪಾಲು. ಆ ಕಾಲಿನಲ್ಲಿ ಅವರು ಬೆಳಗಿನ ಜಾವ ಎದ್ದು, ಬಚ್ಚಲಿಗೆ ಹೋಗಿ, ಚಿಲಕ ಹಾಕಿ, ಕೂತು, ಎದ್ದು, ಸೀರೆ ಸರಿಮಾಡಿಕೊಂಡು, ಒಲೆಯ ಮುಂದೆ ನಿಂತು ಒಂದು ಲೋಟ ಕಾಫಿ ಮಾಡಿಕೊಳ್ಳಬಲ್ಲರೇ ಎಂದು ನೋಡುವುದು, ಆಗದಿದ್ದರೆ ಆಗುವ ದಾರಿ ಹುಡುಕುವುದು ನಮ್ಮ ಪಾಲು.

ಭಾರತಕ್ಕೆ ಇದು ಹೊಸ ವಿದ್ಯೆಯಲ್ಲ. 1950ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಇದರ ಶಾಲೆ ತೆರೆದವರು ಕಮಲಾ ನಿಂಬಕರ್. ಅಮೆರಿಕದಲ್ಲಿ ಎಲಿಜಬೆತ್ ಲಂಡಿಯಾಗಿ ಹುಟ್ಟಿ, ಮದುವೆಯಾಗಿ ಬಂದು, ಇಲ್ಲಿಯವರೇ ಆಗಿಹೋದವರು. 1952ರಲ್ಲಿ ನಮ್ಮ ಅಖಿಲ ಭಾರತ ಸಂಘ ಹುಟ್ಟಿತು. ಅದೇ ವರ್ಷ ವಿಶ್ವ ಒಕ್ಕೂಟ ರೂಪುಗೊಂಡಾಗ ಅದನ್ನು ಸ್ಥಾಪಿಸಿದ ಹತ್ತು ದೇಶಗಳಲ್ಲಿ ಭಾರತವೂ ಇತ್ತು. ಇಷ್ಟಾದರೂ ನಮ್ಮೂರಿನ ಅರ್ಧ ಜನ ನಾನು ಮಸಾಜ್ ಕಲಿಯುತ್ತಿದ್ದೇನೆ ಎಂದೇ ನಂಬಿದ್ದಾರೆ.

ಈ ವಯಸ್ಸಿನಲ್ಲೂ ಅವರಿಂದ ಕೆಲಸ ಮಾಡಿಸುತ್ತೀರಲ್ಲ, ಆರಾಮವಾಗಿ ಇರಲು ಬಿಡಬಾರದೆ?

ಪ್ರೀತಿಯಿಂದ ಕೇಳುವ ಪ್ರಶ್ನೆ ಇದು, ಅದಕ್ಕೇ ಉತ್ತರಿಸುವುದು ಕಷ್ಟ. 'ಇಷ್ಟು ವರ್ಷ ದುಡಿದಿದ್ದಾರೆ, ಇನ್ನಾದರೂ ಕೂತು ಉಣ್ಣಲಿ' ಎನ್ನುವುದು ನಮ್ಮಲ್ಲಿ ಮಕ್ಕಳ ಧರ್ಮ. ದೇಹಕ್ಕೆ ಈ ಧರ್ಮ ಗೊತ್ತಿಲ್ಲ. ಆರೋಗ್ಯವಾಗಿರುವ ಹಿರಿಯರೇ ಹತ್ತು ದಿನ ಹಾಸಿಗೆಯಲ್ಲಿ ಉಳಿದರೂ ಕಾಲಿನ ಸ್ನಾಯು ಎದ್ದು ಕಾಣುವಷ್ಟು ಕರಗುತ್ತದೆ. ಯುವಕರಂತೆ ಅವರು ಅದನ್ನು ಬೇಗ ಮರಳಿ ಪಡೆಯುವುದೂ ಇಲ್ಲ. ಕುರ್ಚಿಯಿಂದ ಏಳುವುದು ಕಷ್ಟವೆಂದು ಏಳುವುದನ್ನೇ ಕಡಿಮೆ ಮಾಡುತ್ತಾರೆ, ಕಡಿಮೆ ಮಾಡಿದ್ದರಿಂದ ಏಳುವುದು ಇನ್ನಷ್ಟು ಕಷ್ಟವಾಗುತ್ತದೆ.

ಸ್ನಾಯುವಿನ ಮಾತು ಹಾಗಿರಲಿ. ಉಡುಪಿಯ ಬಳಿ ಶಂಕರಪುರದ ಮಲ್ಲಿಗೆ ಹೆಸರುವಾಸಿ. ಬೆಳಿಗ್ಗೆ ಮೊಗ್ಗು ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ, ಚೆಂಡು ಮಾಡಿ, ನಾಲ್ಕು ಚೆಂಡು ಸೇರಿಸಿ ಅಟ್ಟೆ ಲೆಕ್ಕದಲ್ಲಿ ಕೊಡುತ್ತಾರೆ. ದರ ದಿನವೂ ಏರಿಳಿಯುತ್ತದೆ. ಆ ಕಡೆಯ ಅಜ್ಜಿಯೊಬ್ಬರಿಗೆ ಪಾರ್ಶ್ವವಾಯು ಬಡಿದು ಬಲಗೈ ಸೋತಿತ್ತು. ಪ್ಲಾಸ್ಟಿಕ್ ಕೋನ್ ಜೋಡಿಸುವ ವ್ಯಾಯಾಮ ಕೊಟ್ಟರೆ ಎರಡು ನಿಮಿಷಕ್ಕೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಒದ್ದೆ ಬಾಳೆ ನಾರು ಮತ್ತು ಒಂದು ಹಿಡಿ ಹೂ ಮುಂದಿಟ್ಟಾಗ, ಸೋತ ಕೈಯಲ್ಲಿ ನಾರಿನ ತುದಿ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಮೊಗ್ಗು ಜೋಡಿಸತೊಡಗಿದರು. ಕಟ್ಟಿದ್ದು ಸೊಟ್ಟಪಟ್ಟವಾಗಿತ್ತು, ಅದನ್ನು ಅವರೇ ಬೈದುಕೊಂಡರು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ವಸ್ತು ಹಿಡಿಯುವ ಅಭ್ಯಾಸ ಎರಡರಲ್ಲೂ ಒಂದೇ. ಆದರೆ ಹೂ ಕಟ್ಟುವಾಗ ಅವರು ರೋಗಿಯಾಗಿರಲಿಲ್ಲ. ಇವತ್ತಿನ ದರ ಎಷ್ಟು ಎಂದು ನರ್ಸ್ ಹತ್ತಿರ ವಿಚಾರಿಸುತ್ತಿದ್ದರು.

ದಣಿಯುವಷ್ಟು ದುಡಿಸಬೇಕು ಎಂದು ಹೇಳುತ್ತಿಲ್ಲ. ಅಡಿಕೆ ಸುಲಿಯುವುದು, ಬೀಡಿ ಕಟ್ಟುವುದು, ಬಸಳೆ ಸೊಪ್ಪು ಬಿಡಿಸುವುದು, ದೇವರ ದೀಪದ ಬತ್ತಿ ಹೊಸೆಯುವುದು, ಯಾವುದಾದರೂ ಇರಲಿ, ಮನೆಗೆ ಬೇಕಾದ ಒಂದು ಕೆಲಸ ಅವರ ಹೆಸರಿನಲ್ಲಿ ಉಳಿಯಲಿ.

ಸ್ವಾವಲಂಬನೆಗೆ ಅಂಕ ಕೊಡುತ್ತೀರಂತೆ, ಅದು ಹೇಗೆ?

ಮಾಪನಪಟ್ಟಿಗಳಿವೆ. ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಆರು ಸಂಗತಿಗಳನ್ನು ಗುರುತಿಸಿದರು: ಸ್ನಾನ, ಬಟ್ಟೆ, ಶೌಚ, ಹಾಸಿಗೆಯಿಂದ ಕುರ್ಚಿಗೆ ಸಾಗುವುದು, ಮಲಮೂತ್ರದ ಹಿಡಿತ, ಊಟ. 1965ರ ಬಾರ್ತೆಲ್ ಪಟ್ಟಿಯಲ್ಲಿ ಹತ್ತು ಸಂಗತಿಗಳಿದ್ದು ಒಟ್ಟು ನೂರು ಅಂಕ. 1969ರಲ್ಲಿ ಲಾಟನ್ ಮತ್ತು ಬ್ರೋಡಿ ಮನೆ ನಡೆಸುವ ಎಂಟು ಸಾಮರ್ಥ್ಯಗಳ ಪಟ್ಟಿ ಕೊಟ್ಟರು. ಫೋನ್, ಅಂಗಡಿ, ಅಡುಗೆ, ಮನೆಗೆಲಸ, ಬಟ್ಟೆ ಒಗೆತ, ಪ್ರಯಾಣ, ಔಷಧ, ಹಣಕಾಸು ಅದರಲ್ಲಿವೆ.

ಇವು ಬೇಕು. ಕಳೆದ ತಿಂಗಳಿಗಿಂತ ಈ ತಿಂಗಳು ಸುಧಾರಿಸಿದೆಯೇ ಎಂದು ಹೇಳಲು ಬೇರೆ ದಾರಿಯಿಲ್ಲ. ಆದರೆ ಇವನ್ನು ಬರೆದವರ ಮನೆಯಲ್ಲಿ ಹಂಡೆ, ತಂಬಿಗೆ, ಕೂರುವ ಮಣೆ ಇರಲಿಲ್ಲ. ನಮ್ಮವರಲ್ಲಿ ಬಹಳ ಜನ ನೆಲದಲ್ಲಿ ಕೂತು ಉಣ್ಣುತ್ತಾರೆ, ಕುಕ್ಕರುಗಾಲಿನಲ್ಲಿ ಕೂತು ಶೌಚ ಮಾಡುತ್ತಾರೆ, ದೇವರ ಮುಂದೆ ಬಾಗುತ್ತಾರೆ. ಈ ಮೂರರಲ್ಲಿ ಯಾವ ಪಟ್ಟಿಯಲ್ಲೂ ಇದಕ್ಕೆ ಅಂಕವಿಲ್ಲ. ಬಾರ್ತೆಲ್‌ನಲ್ಲಿ ನೂರಕ್ಕೆ ನೂರು ಪಡೆದ ಅಜ್ಜ ಮನೆಗೆ ಹೋಗಿ ನೆಲದಿಂದ ಏಳಲಾರದೆ ಮಗನನ್ನು ಕೂಗುವುದು ಸಾಧ್ಯ.

ಲಾಟನ್ ಪಟ್ಟಿಯ ಒಂದು ಸಂಗತಿ ನನಗೆ ಬಹಳ ಇಷ್ಟ. ಮೊದಲಿಗೆ ಗಂಡಸರಿಗೆ ಅಂಕ ಹಾಕುವಾಗ ಅಡುಗೆ, ಮನೆಗೆಲಸ, ಬಟ್ಟೆ ಒಗೆತ ಮೂರನ್ನೂ ಬಿಟ್ಟುಬಿಡುತ್ತಿದ್ದರು, ಅದು ಅವರ ಕೆಲಸವಲ್ಲ ಎಂದು. ಹಾಗೆ ನೋಡಿದರೆ ಹೆಂಡತಿ ತೀರಿಹೋದ ಮೇಲೆ ಒಂದು ಲೋಟ ಚಹಾ ಮಾಡಿಕೊಳ್ಳಲಾರದ ನಮ್ಮ ಯಜಮಾನರೆಲ್ಲ ಪೂರ್ಣ ಸ್ವಾವಲಂಬಿಗಳು! ಗಟ್ಟಿಮುಟ್ಟಾಗಿದ್ದ ಗಂಡಸರು ವಿಧುರರಾದ ಮೇಲೆ ಸೊರಗುವುದಕ್ಕೆ ದುಃಖ ಒಂದೇ ಕಾರಣವಾಗಿರಲಿಕ್ಕಿಲ್ಲ. ಎಪ್ಪತ್ತರ ಗಂಡಸರಿಗೆ ಅನ್ನ, ಸಾರು ಮಾಡುವುದನ್ನು ಕಲಿಸುವುದೂ ಚಿಕಿತ್ಸೆಯೇ.

ಹಾಗಾದರೆ ಎಲ್ಲವನ್ನೂ ತಾನೇ ಮಾಡಿಕೊಳ್ಳುವುದು ಸ್ವಾವಲಂಬನೆಯೆ?

ಮೊದಲ ವರ್ಷ ನಾನೂ ಹಾಗೆಯೇ ಬರೆಯುತ್ತಿದ್ದೆ, ಪರೀಕ್ಷೆಯಲ್ಲಿ ಅಂಕವೂ ಬರುತ್ತಿತ್ತು. ಈಗ ನನ್ನ ಉತ್ತರ ಬೇರೆ: ಏನು, ಯಾವಾಗ, ಹೇಗೆ, ಯಾರ ಕೈಯಿಂದ ಆಗಬೇಕು ಎಂಬ ತೀರ್ಮಾನ ಅವರದೇ ಆಗಿದ್ದರೆ ಅವರು ಸ್ವಾವಲಂಬಿಗಳು.

ಇದು ನನ್ನ ಸ್ವಂತ ಶೋಧನೆಯಲ್ಲ. ಅಮೆರಿಕದ ಎಡ್ ರಾಬರ್ಟ್ಸ್ ಹದಿನಾಲ್ಕನೆಯ ವಯಸ್ಸಿಗೆ ಪೋಲಿಯೊ ತಗುಲಿ ಕುತ್ತಿಗೆಯಿಂದ ಕೆಳಗೆ ಚಲನೆ ಕಳೆದುಕೊಂಡವರು. ಉಸಿರಾಟಕ್ಕೆ ಯಂತ್ರ ಬೇಕಿತ್ತು. ಅವರು 1962ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯ ಸೇರಿದರು, 1972ರಲ್ಲಿ ಸಂಗಡಿಗರೊಂದಿಗೆ ಅಲ್ಲಿ ಸ್ವತಂತ್ರ ಬದುಕಿನ ಕೇಂದ್ರ ಕಟ್ಟಿದರು. ಬಾರ್ತೆಲ್ ಪಟ್ಟಿಯಲ್ಲಿ ಅವರಿಗೆ ಎಷ್ಟು ಅಂಕ ಬಂದೀತು? ಸೊನ್ನೆಯ ಹತ್ತಿರ. ಆದರೂ ಅಂಗವಿಕಲರ ಚಳವಳಿಯನ್ನು ಮುನ್ನಡೆಸಿದರು, ಕ್ಯಾಲಿಫೋರ್ನಿಯ ರಾಜ್ಯದ ಪುನರ್ವಸತಿ ಇಲಾಖೆಯ ಮುಖ್ಯಸ್ಥರೂ ಆದರು. ಬಟ್ಟೆ ತೊಡಿಸಲು ಸಹಾಯಕರಿದ್ದರು. ಆ ಸಹಾಯಕರಿಗೆ ಏನು ಮಾಡಬೇಕೆಂದು ಹೇಳುತ್ತಿದ್ದವರು ಅವರೇ.

ಇದನ್ನು ನಮ್ಮ ವಾರ್ಡಿಗೆ ತನ್ನಿ. ನಿವೃತ್ತ ಮೇಷ್ಟ್ರೊಬ್ಬರಿಗೆ ಶ್ವಾಸಕೋಶದ ಹಳೆಯ ಕಾಯಿಲೆ. ತಾವೇ ಸ್ನಾನ ಮಾಡಿ ಪಂಚೆ ಉಟ್ಟುಕೊಳ್ಳುವಷ್ಟರಲ್ಲಿ ಅಂದಿನ ಉಸಿರೆಲ್ಲ ಖರ್ಚಾಗಿ ಮಧ್ಯಾಹ್ನದವರೆಗೆ ಮಲಗುತ್ತಿದ್ದರು. ಸ್ಟೂಲಿನ ಮೇಲೆ ಕೂತು ಸ್ನಾನ, ಬೆನ್ನುಜ್ಜಲು ಮತ್ತು ಮೈ ಒರೆಸಲು ಮಗನ ಕೈ, ಪಂಚೆಯ ಬದಲು ಇಲಾಸ್ಟಿಕ್ ಇರುವ ಪೈಜಾಮ, ಇಷ್ಟಕ್ಕೆ ಒಪ್ಪಿದರು. ಉಳಿದ ಉಸಿರನ್ನು ಹಿಡಿದುಕೊಂಡು ಸಂಜೆ ಗ್ರಂಥಾಲಯಕ್ಕೆ ಹೋಗಿ ಎಲ್ಲ ಪತ್ರಿಕೆ ಓದಿ, ಅಲ್ಲಿದ್ದವರೊಡನೆ ಜಗಳವಾಡಿ ಬರುತ್ತಾರೆ. ಪಟ್ಟಿಯ ಪ್ರಕಾರ ಅವರ ಸ್ವಾವಲಂಬನೆ ಕುಸಿದಿದೆ. ನಾನು ಪಟ್ಟಿಯ ಮಾತು ಕೇಳುವುದಿಲ್ಲ.

ಮಕ್ಕಳು ಎಲ್ಲವನ್ನೂ ಪ್ರೀತಿಯಿಂದ ಮಾಡಿಕೊಟ್ಟರೆ ತಪ್ಪೇನು?

ಪ್ರೀತಿಗಿಂತ ಅವಸರದಿಂದ ಮಾಡಿಕೊಡುವುದೇ ಹೆಚ್ಚು. ಅದರಲ್ಲಿ ಯಾರದೂ ತಪ್ಪಿಲ್ಲ. ಬೆಳಿಗ್ಗೆ ಮಕ್ಕಳ ಶಾಲೆಯ ಬಸ್ ಬರುವ ಹೊತ್ತಿಗೆ ಮಾವ ಅಂಗಿಯ ಗುಂಡಿಯೊಡನೆ ಹೋರಾಡುತ್ತಿದ್ದರೆ ಯಾವ ಸೊಸೆಯೂ ಕೈ ಕಟ್ಟಿ ನಿಲ್ಲಲಾರಳು. 'ಬಿಡಿ ಮಾವ, ನಾನು ಹಾಕುತ್ತೇನೆ' ಎನ್ನುತ್ತಾಳೆ. ದಿನವೂ ಹೀಗಾದರೆ ಮಾವನ ಬೆರಳು ಗುಂಡಿಯನ್ನು ಮರೆಯುತ್ತದೆ.

ಈ ಗಂಟನ್ನು ಬಿಡಿಸಲು ನಾವು ಉಪದೇಶ ಮಾಡುವುದಿಲ್ಲ, ಸಮಯ ಬದಲಿಸುತ್ತೇವೆ. ಬೆಳಿಗ್ಗೆ ಹಳೆಯ ಟೀ ಶರ್ಟ್ ಇರಲಿ, ಅಂಗಿ ಹಾಕುವ ಅಭ್ಯಾಸ ಹನ್ನೊಂದು ಗಂಟೆಗೆ ನಡೆಯಲಿ. ಪಾರ್ಶ್ವವಾಯುವಾದವರು ಸೋತ ಕೈಯನ್ನು ಮೊದಲು ತೋಳಿಗೆ ಹಾಕಬೇಕು, ಬಿಚ್ಚುವಾಗ ಅದನ್ನು ಕೊನೆಗೆ ತೆಗೆಯಬೇಕು. ಇಷ್ಟು ಗೊತ್ತಾದರೆ ಅರ್ಧ ಹೋರಾಟ ಮುಗಿಯುತ್ತದೆ. ಗುಂಡಿಯ ಜಾಗದಲ್ಲಿ ವೆಲ್ಕ್ರೊ ಹೊಲಿಸಬಹುದು, ಮೇಲೆ ಗುಂಡಿ ಕಾಣುವಂತೆಯೇ ಇರುತ್ತದೆ. ಊರಿನ ದರ್ಜಿಗೆ ಒಮ್ಮೆ ತೋರಿಸಿದರೆ ಸಾಕು, ರವಿಕೆಗೂ ಮಾಡಿಕೊಡುತ್ತಾರೆ.

ಸಹಾಯದಲ್ಲೂ ಮೆಟ್ಟಿಲುಗಳಿವೆ. ಮೊದಲು ಸುಮ್ಮನೆ ಕಾಯಿರಿ. ಆಗದಿದ್ದರೆ ಮಾತಿನಲ್ಲಿ ನೆನಪಿಸಿ, ಆಮೇಲೆ ಕೈಸನ್ನೆ ಮಾಡಿ, ಆಮೇಲೆ ಮೊಣಕೈ ಮುಟ್ಟಿ ದಾರಿ ತೋರಿಸಿ. ನೀವೇ ಮಾಡಿಕೊಡುವುದು ಕಟ್ಟಕಡೆಗೆ. ಕಾಯುವುದಕ್ಕಿಂತ ಕಷ್ಟದ ಕೆಲಸ ನಮ್ಮ ವೃತ್ತಿಯಲ್ಲಿ ಬೇರೆ ಇಲ್ಲ. ಮಾಸ್ಕ್ ಹಾಕಿದ್ದರಿಂದ ಹಲ್ಲು ಕಚ್ಚಿಕೊಂಡಿರುವುದು ರೋಗಿಗಳಿಗೆ ಕಾಣುವುದಿಲ್ಲ, ಅಷ್ಟೇ.

ಇನ್ನೊಂದು ಮಾತು. 'ಮಕ್ಕಳು ನೋಡಿಕೊಳ್ಳುತ್ತಾರೆ' ಎಂದಾಗ ನಿಜವಾಗಿ ನೋಡಿಕೊಳ್ಳುವವಳು ಒಬ್ಬ ಹೆಂಗಸು. ಹೆಂಡತಿಯೋ ಮಗಳೋ ಸೊಸೆಯೋ ಹೋಂ ನರ್ಸೋ ಇರಬಹುದು. ಅವಳ ಸೊಂಟನೋವನ್ನು ಲೆಕ್ಕಕ್ಕೆ ಹಿಡಿಯದ ಚಿಕಿತ್ಸಾ ಯೋಜನೆ ಮನೆಗೆ ಹೋದ ವಾರದಲ್ಲೇ ಕುಸಿಯುತ್ತದೆ.

ಮನೆಯಲ್ಲಿ ಮೊದಲು ಬದಲಿಸಬೇಕಾದದ್ದು ಏನು?

ಬಚ್ಚಲು. ಎರಡನೆಯದೂ ಬಚ್ಚಲೇ ಎನ್ನುತ್ತೇನೆ. ಒದ್ದೆ ನೆಲ, ಸಾಬೂನು, ಮಂದ ಬೆಳಕು, ಹಿಡಿದುಕೊಳ್ಳಲು ನಲ್ಲಿ ಅಥವಾ ಟವೆಲಿನ ಕಂಬಿ ಬಿಟ್ಟರೆ ಏನೂ ಇಲ್ಲ. ಟವೆಲಿನ ಕಂಬಿ ಟವೆಲನ್ನು ಹೊರಲು ಮಾಡಿದ್ದು, ಮನುಷ್ಯನ ಭಾರಕ್ಕೆ ಗೋಡೆಯಿಂದ ಕಿತ್ತು ಬರುತ್ತದೆ. ಕಮೋಡಿನ ಪಕ್ಕದಲ್ಲಿ ಮತ್ತು ಸ್ನಾನದ ಜಾಗದಲ್ಲಿ ಗೋಡೆಗೆ ಭದ್ರವಾಗಿ ಬೋಲ್ಟ್ ಹಾಕಿದ ಸ್ಟೀಲ್ ಹಿಡಿಕೆ ಇರಬೇಕು. ಎತ್ತರವನ್ನು ಬಳಸುವವರನ್ನೇ ಕೂರಿಸಿ, ಎಬ್ಬಿಸಿ ಗುರುತು ಹಾಕಿ. ಪ್ಲಂಬರನ ಅಂದಾಜಿಗೆ ಬಿಡಬೇಡಿ. ಬಾಗಿಲು ಹೊರಕ್ಕೆ ತೆರೆಯುವಂತೆ ಮಾಡಿಸಿ, ಒಳಕ್ಕೆ ತೆರೆಯುವ ಬಾಗಿಲಿನ ಹಿಂದೆ ಬಿದ್ದವರನ್ನು ಹೊರತರುವುದು ಬಹಳ ಕಷ್ಟ. ಹಳೆಯ ನೆಲಮಟ್ಟದ ಶೌಚಾಲಯ ಒಡೆಸಲು ಹಣವಿಲ್ಲದಿದ್ದರೆ ಅದರ ಮೇಲೆ ಇಡುವ ಕಮೋಡ್ ಕುರ್ಚಿ ಮೆಡಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಕಾಲುಗಳಿಗೆ ರಬ್ಬರ್ ಬುಷ್ ಇದೆಯೇ ನೋಡಿ ತನ್ನಿ.

ಆಮೇಲೆ ರಾತ್ರಿಯ ದಾರಿ: ಮಂಚದಿಂದ ಬಚ್ಚಲಿನವರೆಗೆ. ದಾರಿಯಲ್ಲಿ ಒಂದು ಸಣ್ಣ ರಾತ್ರಿ ದೀಪ ಇರಲಿ. ಕಾಲೊರಸುಗಳನ್ನು ತೆಗೆಯಿರಿ, ಇಲ್ಲವೇ ಅಡಿಯಲ್ಲಿ ಜಾರದ ರಬ್ಬರ್ ಇರುವುದನ್ನೇ ಹಾಕಿ. ಹೊಸ್ತಿಲನ್ನು ಕೀಳಿಸಿ ಎಂದರೆ ನಮ್ಮ ಮನೆಗಳಲ್ಲಿ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಅದರ ಅಂಚಿಗೆ ಎದ್ದು ಕಾಣುವ ಹಳದಿ ಬಣ್ಣ ಬಳಿಯಿರಿ, ಪಕ್ಕದಲ್ಲಿ ಹಿಡಿಕೆ ಹಾಕಿಸಿ. ಹಾಸಿಗೆಯಿಂದ ಎದ್ದ ಕೂಡಲೇ ತಲೆ ತಿರುಗುವವರು ಮಂಚದ ಅಂಚಿನಲ್ಲಿ ಒಂದೆರಡು ನಿಮಿಷ ಕೂತು, ಪಾದ ಆಡಿಸಿ ಏಳಬೇಕು. ಹೀಗೆ ತಲೆ ತಿರುಗುವುದನ್ನು ವೈದ್ಯರಿಗೂ ತಿಳಿಸಬೇಕು, ರಕ್ತದೊತ್ತಡದ ಮಾತ್ರೆಯೂ ಕಾರಣವಿರಬಹುದು. ಕರಾವಳಿ, ಮಲೆನಾಡಿನವರಿಗೆ ಇನ್ನೊಂದಿದೆ, ಅದು ಮಳೆಗಾಲದ ಅಂಗಳದ ಪಾಚಿ. ಬ್ಲೀಚಿಂಗ್ ಪುಡಿ ಹಾಕಿ ಉಜ್ಜುವುದಕ್ಕೆ ಯಾವ ಥೆರಪಿಸ್ಟೂ ಬೇಕಾಗಿಲ್ಲ.

ಬೀಳುವ ಅಪಾಯ ಎಷ್ಟಿದೆ ಎಂದು ತಿಳಿಯಲು ಒಂದು ಸರಳ ಪರೀಕ್ಷೆ 1991ರಿಂದ ಬಳಕೆಯಲ್ಲಿದೆ. ಕುರ್ಚಿಯಿಂದ ಎದ್ದು, ಮೂರು ಮೀಟರ್ ಎಂದಿನ ವೇಗದಲ್ಲಿ ನಡೆದು, ತಿರುಗಿ ಬಂದು ಕೂರಬೇಕು. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಬೇಕಾದರೆ ಎಚ್ಚರ ವಹಿಸಿ. ಪರೀಕ್ಷೆ ಮಾಡುವಾಗ ಪಕ್ಕದಲ್ಲೇ ನಿಂತಿರಿ.

ನೆಲದ ಮೇಲೆ ಕೂರುವುದನ್ನು ಬಿಡಿಸಬೇಕೆ?

ಸೊಂಟ ಅಥವಾ ಮಂಡಿಯ ಶಸ್ತ್ರಚಿಕಿತ್ಸೆಯಾದವರು ತಮ್ಮ ಸರ್ಜನ್ ಹೇಳಿದಂತೆ ನಡೆಯಲಿ. ಉಳಿದವರಿಗೆ, ಆಗುವವರೆಗೆ ಬಿಡಿಸಬೇಡಿ. ಭಜನೆಗೆ, ಊಟದ ಪಂಕ್ತಿಗೆ, ಮೊಮ್ಮಗುವಿನ ಜೊತೆ ಆಟಕ್ಕೆ ನೆಲ ಬೇಕು. ನೆಲದಿಂದ ಏಳುವುದನ್ನು ನಾವು ಕಲಿಸುತ್ತೇವೆ: ಒಂದು ಪಕ್ಕಕ್ಕೆ ಹೊರಳಿ, ಮಂಡಿಯೂರಿ, ಎದುರಿನ ಗಟ್ಟಿ ಕುರ್ಚಿಯ ಮೇಲೆ ಎರಡೂ ಕೈ ಊರಿ, ಬಲವಾದ ಕಾಲನ್ನು ಮುಂದಿಟ್ಟು ಏಳುವುದು. ಬಿದ್ದಾಗಲೂ ಇದೇ ಉಪಯೋಗಕ್ಕೆ ಬರುತ್ತದೆ.

ಅಪ್ಪ ಊರುಗೋಲು ಹಿಡಿಯಲು ಸುತರಾಂ ಒಪ್ಪುವುದಿಲ್ಲ. ಏನು ಮಾಡುವುದು?

'ಮುದುಕನಾದೆ ಎಂದು ಊರಿಗೆಲ್ಲ ಡಂಗುರ ಹೊಡೆಯಬೇಕೆ?' ಎಂದು ಅವರು ಕೇಳುವುದರಲ್ಲಿ ನ್ಯಾಯವಿದೆ. ನಮ್ಮ ಕಡೆಯ ಹಿರಿಯರು ಬೇಸಗೆಯಲ್ಲೂ ಉದ್ದ ಹಿಡಿಯ ಕೊಡೆ ಹಿಡಿದು ನಡೆಯುವುದು ಬಿಸಿಲಿಗೆ ಮಾತ್ರ ಎಂದು ನಾನು ನಂಬುವುದಿಲ್ಲ. ಆದರೆ ಕೊಡೆಯ ಕಡ್ಡಿ ಮೈಭಾರ ತಡೆಯುವುದಿಲ್ಲ, ತುದಿ ಟೈಲ್ಸ್ ಮೇಲೆ ಜಾರುತ್ತದೆ. ಕೋಲನ್ನು ಅವರೇ ಅಂಗಡಿಯಲ್ಲಿ ಆರಿಸಲಿ. ಕೆಲವರಿಗೆ ಬೆತ್ತ ಗೌರವ, ಅಲ್ಯೂಮಿನಿಯಂ ಅವಮಾನ. ನಿಂತಾಗ ಕೋಲಿನ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಬರಬೇಕು. ತುದಿಯ ರಬ್ಬರ್ ಸವೆದಾಗ ಬದಲಿಸಬೇಕು. ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಸಿನಿಮಾಗಳಲ್ಲಿ ಸಾಮಾನ್ಯವಾಗಿ ಅದೇ ಬದಿಯಲ್ಲಿ ಹಿಡಿಸುತ್ತಾರೆ, ನೋಡಿ ಕಲಿಯಬೇಡಿ.

ಮರೆಗುಳಿತನ ಬಂದವರಿಗೂ ಸ್ವಾವಲಂಬನೆ ಇರುತ್ತದೆಯೆ?

ಇರುತ್ತದೆ, ಅಳತೆ ಚಿಕ್ಕದಾಗುತ್ತದೆ. 'ಯಾವ ಸೀರೆ ಬೇಕು?' ಎಂದು ಬೀರು ತೆರೆದು ನಿಂತರೆ ಗಾಬರಿಯಾಗುವ ಅಮ್ಮ, ಎರಡು ಸೀರೆ ಎದುರಿಗೆ ಹಿಡಿದು ಕೇಳಿದರೆ ಒಂದನ್ನು ಮುಟ್ಟುತ್ತಾರೆ. ಆ ಮುಟ್ಟುವಿಕೆಯೂ ತೀರ್ಮಾನವೇ. ಅಕ್ಕಿಯಲ್ಲಿ ಕಲ್ಲು ಹುಡುಕುವುದು, ಬಟ್ಟೆ ಮಡಿಸುವುದು, ಕೈಗೆ ಹಳೆಯ ನೆನಪಿರುವ ಇಂಥ ಕೆಲಸಗಳು ಹೆಸರುಗಳು ಮರೆತ ಮೇಲೂ ಬಹಳ ಕಾಲ ಉಳಿಯುತ್ತವೆ. ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಮಾತ್ರ ಮುಚ್ಚಿರಲಿ. ಮನೆಯ ಫೋನ್ ಸಂಖ್ಯೆ ಬರೆದ ಚೀಟಿಯನ್ನು ಬಳೆಗೋ ಜೇಬಿಗೋ ಸೇರಿಸಿ. ಅವರು ಹೇಳಿದ್ದನ್ನು ತಿದ್ದುತ್ತ ಕೂರಬೇಡಿ. ತೀರಿಹೋದ ಅಣ್ಣ ನಿನ್ನೆ ಬಂದಿದ್ದ ಎಂದರೆ, ಅಣ್ಣ ಹೇಗಿದ್ದ ಎಂದು ಕೇಳಿ.

ನಿಮಗೆ ನಾಯಕತ್ವದ ಪಾಠವೂ ಇದೆಯಂತೆ, ಇದರಲ್ಲಿ ಅದು ಎಲ್ಲಿಂದ ಬಂತು?

ನಮ್ಮ ಪಠ್ಯದಲ್ಲಿದೆ, ಪ್ರಬಂಧ ಬರೆಸುತ್ತಾರೆ. ಬರೆಯಲು ಕೂತಾಗ ನನಗೆ ಮೊದಲು ಹೊಳೆದದ್ದು ಮೈಕ್ ಹಿಡಿದವರು. ವಾರ್ಡಿನಲ್ಲಿ ನಾಯಕತ್ವದ ಸಂದರ್ಭಗಳು ಬಹಳ ಸಣ್ಣವು.

ಯಾವ ಆಸ್ಪತ್ರೆಯಲ್ಲಾದರೂ ರೌಂಡ್ಸ್ ಸಾಲು ನೋಡಿ. ಮುಂದೆ ಹಿರಿಯ ವೈದ್ಯರು, ಹಿಂದೆ ಕಿರಿಯರು, ಕೊನೆಗೆ ನಮ್ಮಂಥವರು. ನಾಳೆ ಡಿಸ್ಚಾರ್ಜ್ ಎಂದು ತೀರ್ಮಾನವಾಗುತ್ತದೆ. ಗಾಯ ಒಣಗಿದೆ, ಸಕ್ಕರೆ ಹತೋಟಿಯಲ್ಲಿದೆ. ಆ ಅಜ್ಜನ ಮನೆಯ ಶೌಚಾಲಯ ಅಂಗಳದ ಆಚೆ ಇದೆಯೇ, ಅಲ್ಲಿಗೆ ಎಷ್ಟು ಮೆಟ್ಟಿಲು, ರಾತ್ರಿ ಜೊತೆಗೆ ಯಾರು ಎಂದು ಯಾರಾದರೂ ಕೇಳಬೇಕು. ಸಾಲಿನ ಕೊನೆಯಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು ಅದನ್ನು ಕೇಳುವುದೇ ನನ್ನ ಮಟ್ಟಿನ ನಾಯಕತ್ವ. ಕೇಳಿದರೆ ಬಹಳ ಸಲ ಹಿರಿಯ ವೈದ್ಯರು ನಿಂತು ಕೇಳಿಸಿಕೊಳ್ಳುತ್ತಾರೆ. ನಾವು ಬಾಯಿ ತೆರೆಯದಿದ್ದರೆ ಆ ಪ್ರಶ್ನೆ ಯಾರ ಕರ್ತವ್ಯದ ಪಟ್ಟಿಯಲ್ಲೂ ಇರುವುದಿಲ್ಲ.

ಎರಡನೆಯದು ಇನ್ನೂ ಮುಖ್ಯ. ಕುಟುಂಬದ ಸಭೆಯಲ್ಲಿ ವೈದ್ಯರು ಮಗನ ಜೊತೆ ಮಾತನಾಡುತ್ತಾರೆ, ಮಗ ದುಬೈನಲ್ಲಿರುವ ಅಣ್ಣನಿಗೆ ವಿಡಿಯೊ ಕರೆ ಹಚ್ಚುತ್ತಾನೆ, ಎಲ್ಲರೂ 'ಅವರಿಗೆ' ಏನು ಮಾಡೋಣ ಎನ್ನುತ್ತಾರೆ. 'ಅವರು' ಅಲ್ಲಿಯೇ ಮಂಚದಲ್ಲಿ ಕೂತಿರುತ್ತಾರೆ. ನಿನ್ನೆ ಮೊನ್ನೆಯವರೆಗೆ ತೋಟ, ಬ್ಯಾಂಕು, ಮದುವೆ ಮಾತುಕತೆ ಎಲ್ಲ ನಡೆಸಿದವರು. ಆಗ ನಾನು ಕುರ್ಚಿಯನ್ನು ಮಂಚದ ಎದುರಿಗೆ ಎಳೆದು ಕೂತು ಪ್ರಶ್ನೆಯನ್ನು ಅವರಿಗೇ ಕೇಳುತ್ತೇನೆ: 'ಅಮ್ಮಾ, ಮನೆಗೆ ಹೋದ ಮೇಲೆ ನೀವು ಮೊದಲು ಏನು ಮಾಡಬೇಕೆಂದಿದ್ದೀರಿ?' ಕೋಣೆಯ ಮುಖಗಳೆಲ್ಲ ಆ ಕಡೆ ತಿರುಗುತ್ತವೆ. ಯಜಮಾನಿಕೆಯನ್ನು ಅದರ ವಾರಸುದಾರರಿಗೆ ಹಿಂತಿರುಗಿಸುವುದಕ್ಕಿಂತ ಹೆಚ್ಚಿನ ನಾಯಕತ್ವವನ್ನು ಈ ವೃತ್ತಿಯಲ್ಲಿ ನಾನು ಕಂಡಿಲ್ಲ.

ಮುಪ್ಪು ನಾಯಕತ್ವವನ್ನು ತಾನಾಗಿ ಕಸಿದುಕೊಳ್ಳುವುದೂ ಇಲ್ಲ. ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ 1918ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡರು. ನೂರರ ಆಸುಪಾಸಿನಲ್ಲೂ ಭೂಕಬಳಿಕೆಯ ವಿರುದ್ಧ ಧರಣಿ ಕೂತವರು. ಅಂಕೋಲಾದ ತುಳಸಿ ಗೌಡ ಶಾಲೆಯ ಮೆಟ್ಟಿಲು ಹತ್ತದೆ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ಬೀಜ, ಸಸಿಗಳ ನಡುವೆ ದಶಕಗಟ್ಟಲೆ ದುಡಿದು, ವಯಸ್ಸಾದ ಮೇಲೂ ಕಿರಿಯರಿಗೆ ಗಿಡಗಳ ಗುರುತು ಹೇಳಿಕೊಡುತ್ತಿದ್ದರು. 2021ರಲ್ಲಿ ಬರಿಗಾಲಿನಲ್ಲೇ ಪದ್ಮಶ್ರೀ ಸ್ವೀಕರಿಸಿದರು. ನಾನು ಇಂಥವರನ್ನು ನೋಡುವಾಗ ಸಾಧನೆಯ ಜೊತೆ ಏರ್ಪಾಡನ್ನೂ ನೋಡುತ್ತೇನೆ. ಧರಣಿಯ ಜಾಗಕ್ಕೆ ಕರೆದೊಯ್ಯುವವರು ಯಾರೋ ಇದ್ದರು, ಹೇಳಿದ್ದನ್ನು ಕೇಳಿಸಿಕೊಳ್ಳುವವರೂ ಇದ್ದರು. ನಿಮ್ಮ ಊರಿನ ಹಾಲಿನ ಸೊಸೈಟಿಯಲ್ಲಿ, ಸ್ತ್ರೀಶಕ್ತಿ ಸಂಘದಲ್ಲಿ, ದೇವಸ್ಥಾನದ ಸಮಿತಿಯಲ್ಲಿ ಮಂಡಿನೋವಿನಿಂದ ಬರುವುದನ್ನು ನಿಲ್ಲಿಸಿದ ಹಿರಿಯರಿರುತ್ತಾರೆ. ಸಭೆಯನ್ನು ಮಹಡಿಯಿಂದ ಕೆಳಗಿನ ಕೋಣೆಗೆ ತಂದರೆ ಅವರು ಮರಳಿ ಬಂದಾರು.

ಅವರ ತೀರ್ಮಾನವೇ ಅಪಾಯದ್ದಾಗಿದ್ದರೆ?

ಬೆಳಿಗ್ಗೆ ತುಳಸಿಕಟ್ಟೆಗೆ ನೀರು ಹಾಕದೆ ತಿಂಡಿ ತಿನ್ನುವುದಿಲ್ಲ ಎಂಬ ಅಜ್ಜಿಗೆ, ಬೀಳುತ್ತೀರಿ, ಹೋಗಬೇಡಿ ಎಂದು ಹೇಳಲು ನನಗೆ ಅಧಿಕಾರವಿದೆಯೆ? ಅಪಾಯವನ್ನು ಎದುರಿಸುವುದಕ್ಕೂ ಒಂದು ಘನತೆಯಿದೆ ಎಂದು 1972ರಲ್ಲಿ ರಾಬರ್ಟ್ ಪರ್ಸ್ಕೆ ವಾದಿಸಿದರು. ಬುದ್ಧಿಮಾಂದ್ಯರೆಂದು ಸಮಾಜ ಗೋಡೆಯೊಳಗಿಟ್ಟವರ ಪರವಾಗಿ ಹೇಳಿದ ಮಾತು ಅದು, ಮುಪ್ಪಿಗೂ ಅಷ್ಟೇ ಸಲ್ಲುತ್ತದೆ. ಕಟ್ಟೆಯವರೆಗೆ ಒಂದು ಕಂಬಿ ಹಾಕಿಸಿ, ದೊಡ್ಡ ತಂಬಿಗೆಯ ಬದಲು ಚಿಕ್ಕ ಚೊಂಬು ಕೊಟ್ಟು, ಬೆಳಕು ಹರಿದ ಮೇಲೆ ಹೋಗುವುದೆಂದು ಒಪ್ಪಿಸಿದರೆ ಅಪಾಯ ಪೂರ್ತಿ ಹೋಗುವುದಿಲ್ಲ, ಕಡಿಮೆಯಾಗುತ್ತದೆ. ಉಳಿದ ಅಪಾಯ ಅವರದು, ಅದನ್ನು ಅರಿತೇ ಒಪ್ಪಿಕೊಂಡಿದ್ದಾರೆ.

ಆದರೆ ದೃಷ್ಟಿ ಮಂಜಾದವರು ಸ್ಕೂಟರ್ ಓಡಿಸುತ್ತೇನೆಂದರೆ ನಾನು ಅವರ ಪರ ನಿಲ್ಲುವುದಿಲ್ಲ. ರಸ್ತೆಯಲ್ಲಿ ಬೇರೆಯವರೂ ಇದ್ದಾರೆ.

ಸರಕಾರದಿಂದ ಏನಾದರೂ ಸಿಗುತ್ತದೆಯೆ?

ಕೆಲವು ಸಿಗುತ್ತವೆ. 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಬಡ ಹಿರಿಯರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ, ಶ್ರವಣಯಂತ್ರ, ಕನ್ನಡಕ, ದಂತಪಂಕ್ತಿಯಂಥವನ್ನು ಶಿಬಿರಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಕೊಟ್ಟ ವಾಕರ್ ಅವರ ಎತ್ತರಕ್ಕೆ ಹೊಂದಿಸಿದ್ದಾರೆಯೇ ನೋಡಿಕೊಳ್ಳಿ, ಕಾಲುಗಳ ಗುಂಡಿ ಒತ್ತಿದರೆ ಏರಿಸಿ ಇಳಿಸಬಹುದು. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567. ಮಕ್ಕಳು ನೋಡಿಕೊಳ್ಳದಿದ್ದರೆ, ಪಾಲಕರ ಪೋಷಣೆಯ 2007ರ ಕಾಯ್ದೆಯ ಪ್ರಕಾರ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ದೂರು ಕೊಡಬಹುದು. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿಯನ್ನು ದಾನಪತ್ರ ಮಾಡಿಕೊಟ್ಟಿದ್ದು ಷರತ್ತು ಮುರಿದರೆ, ಅದನ್ನು ರದ್ದು ಮಾಡಿಸಲೂ ದಾರಿಯಿದೆ. ಬರೆದುಕೊಡುವಾಗಲೇ ಆ ಷರತ್ತನ್ನು ಪತ್ರದಲ್ಲಿ ಸೇರಿಸಿ.

2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ನಮ್ಮ ಅಜ್ಜಿಯಂದಿರು ಟಿಕೆಟ್ಟಿಗೆ ಮಗನ ಮುಂದೆ ಕೈಚಾಚದೆ ತವರಿಗೆ, ಧರ್ಮಸ್ಥಳಕ್ಕೆ ಹೋಗಿಬರುತ್ತಿದ್ದಾರೆ. ಇಷ್ಟು ದೊಡ್ಡ ಪ್ರಮಾಣದಲ್ಲಿ ಸ್ವಾವಲಂಬನೆ ಹಂಚಲು ಯಾವ ಥೆರಪಿಸ್ಟನಿಂದಲೂ ಆಗುವುದಿಲ್ಲ. ಇನ್ನು ಬಸ್ಸಿನ ಮೊದಲ ಮೆಟ್ಟಿಲನ್ನು ಯಾರಾದರೂ ಒಂದು ಗೇಣು ತಗ್ಗಿಸಿದರೆ, ಮಂಡಿನೋವಿನವರೂ ಹತ್ತಿಯಾರು.

ಮಗಳನ್ನು ಈ ಕೋರ್ಸಿಗೆ ಸೇರಿಸಬಹುದೆ?

ಪಿಯುಸಿಯಲ್ಲಿ ಜೀವಶಾಸ್ತ್ರವಿರುವ ವಿಜ್ಞಾನ ಓದಿರಬೇಕು. ನಾಲ್ಕು ವರ್ಷ ತರಗತಿ, ಅದರ ಮೇಲೆ ಇಂಟರ್ನ್‌ಷಿಪ್. 2021ರ ರಾಷ್ಟ್ರೀಯ ಕಾಯ್ದೆಯ ನಂತರ ನಮ್ಮ ವೃತ್ತಿಗೂ ಆಯೋಗ, ನೋಂದಣಿ ಎಂಬ ವ್ಯವಸ್ಥೆ ಬಂದಿದೆ, ಸೇರುವ ಮುನ್ನ ಕಾಲೇಜಿನ ಮಾನ್ಯತೆ ವಿಚಾರಿಸಿ. ಇಲ್ಲಿ ಮಕ್ಕಳ ಚಿಕಿತ್ಸಾ ಕೇಂದ್ರಗಳಲ್ಲಿ ಕೆಲಸ ಬೇಗ ಸಿಗುತ್ತದೆ. ಹಿರಿಯರ ವಿಭಾಗದಲ್ಲಿ ಹುದ್ದೆಗಳು ಇನ್ನೂ ಕಡಿಮೆ, ಸಂಬಳವೂ ಅಷ್ಟಕ್ಕಷ್ಟೇ. ಬೇರೆಯವರು ಹತ್ತು ನಿಮಿಷ ತೆಗೆದುಕೊಂಡು ಒಂದು ಗುಂಡಿ ಹಾಕುವುದನ್ನು ಸುಮ್ಮನೆ ನೋಡುತ್ತ ಕೂರಬಲ್ಲಳೇ ಎಂದು ಮೊದಲು ಅವಳನ್ನೇ ಕೇಳಿ. ಆಗುತ್ತದೆ ಎಂದರೆ ಅರ್ಜಿ ಹಾಕಿಸಿ.